ಹುಳದ ಖಾನೆಯಿಲ್ಲದ ಲೆಕ್ಕ

ಚಿಕೂನ್‌ಗುನ್ಯಾ ನಮ್ಮ ಕಡೆ ಬಂದ ವರ್ಷ ಊರಿಗೆ ಊರೇ ಬಗ್ಗಿ ನಡೆಯುತ್ತಿತ್ತು. ಬಸ್ಸು ಹತ್ತುವವರು ಮೊದಲು ಕಂಬಿ ಹಿಡಿದು, ದೇವರನ್ನು ನೆನೆದು, ಆಮೇಲೆ ಒಂದು ಕಾಲು ಎತ್ತಿಡುತ್ತಿದ್ದರು. ಕಂಡಕ್ಟರು ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಳ್ಳುತ್ತಿದ್ದ, ಯಾಕೆಂದರೆ ಅವನೂ ಸೀಟಿನ ಬೆನ್ನು ಹಿಡಿದೇ ನಿಂತಿರುತ್ತಿದ್ದ. ಜ್ವರ ನಾಲ್ಕೈದು ದಿನಕ್ಕೆ ಬಿಡುತ್ತಿತ್ತು. ಕೀಲುನೋವು ಮಾತ್ರ ಬೇಡದ ನೆಂಟನ ಹಾಗೆ ತಿಂಗಳುಗಟ್ಟಲೆ ಉಳಿಯುತ್ತಿತ್ತು. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಬೊಂಬೆ ಕಡೆಯುವವರು ಉಳಿ ಹಿಡಿಯಲು ಬೆರಳು ಮಡಚಲಾಗದೆ, ಅರ್ಧ ಬಣ್ಣ ಹತ್ತಿದ ಬೊಂಬೆಗಳನ್ನು ಹಾಗೇ ಬಿಟ್ಟು ಜಗಲಿಯ ಮೇಲೆ ಕೂತು ಒಬ್ಬರ ಮಂಡಿಯ ಕಥೆಯನ್ನು ಇನ್ನೊಬ್ಬರು ಕೇಳುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನಗೆ ಇಪ್ಪತ್ತನಾಲ್ಕು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ನಮ್ಮ ಕಡೆಯ ಒಂದು ಆರೋಗ್ಯ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಅಂಕಿ ಅಂಶ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಕೋಪ ಮೂಗಿನ ತುದಿಯಲ್ಲಿರುತ್ತಿತ್ತು, ಆತ್ಮವಿಶ್ವಾಸ ಅದಕ್ಕಿಂತ ಸ್ವಲ್ಪ ಮುಂದೆ. ನನಗೆ ಕೊಟ್ಟಿದ್ದ ಕೋಣೆಯಲ್ಲಿ ಒಂದು ಕಡೆ ಬ್ಲೀಚಿಂಗ್ ಪುಡಿಯ ಮೂಟೆಗಳು, ಇನ್ನೊಂದು ಕಡೆ ಕಚೇರಿಯ ಒಂದೇ ಕಂಪ್ಯೂಟರು. ನಮ್ಮ ಗುಮಾಸ್ತರು ಸಕ್ಕರೆ ಡಬ್ಬಿಯನ್ನು ಕಂಪ್ಯೂಟರ್ ಮೇಜಿನ ಡ್ರಾಯರಿನಲ್ಲೇ ಇಡುತ್ತಿದ್ದರು. ಬೇರೆ ಎಲ್ಲಿಟ್ಟರೂ ಯಾರಾದರೂ ಮುಗಿಸುತ್ತಾರಂತೆ. ಅದಕ್ಕೆ ಬಂದ ಇರುವೆಗಳು ಕೀಬೋರ್ಡಿನೊಳಗೆ ಸಂಸಾರ ಹೂಡಿದವು. ಗುಮಾಸ್ತರ ಜೊತೆ ಎರಡು ದಿನ ಜಗಳವಾಡಿ, ಕೊನೆಗೆ ಮೇಜಿನ ನಾಲ್ಕು ಕಾಲಿನ ಕೆಳಗೂ ನೀರಿನ ಬಟ್ಟಲಿಟ್ಟು ಇರುವೆ ಹತ್ತದಂತೆ ಮಾಡಿದೆ. ಸೇರಿದ ಮೊದಲ ವಾರದಲ್ಲೇ ಎಲ್ಲರಿಂದ ಭೇಷ್ ಅನ್ನಿಸಿಕೊಂಡ ಕೆಲಸ ಅದು. ಡಾಕ್ಟರು ಕೂಡ ಬಂದು ನೋಡಿ ಹೋದರು.

ಡಾಕ್ಟರು ನಮ್ಮ ಕಚೇರಿಯ ಮುಖ್ಯಸ್ಥರು. ಐವತ್ತು ದಾಟಿತ್ತು, ನಗು ಜಾಸ್ತಿ. ನಾನು ಸೇರಿದ ಮೇಲೆ ಅವರಿಗೂ ಜ್ವರ ಬಂದು ಹೋಗಿದ್ದರಿಂದ ಕುರ್ಚಿಯಿಂದ ಒಂದೇ ಸಲಕ್ಕೆ ಏಳಲಾಗದೆ ಮೂರು ಕಂತಿನಲ್ಲಿ ಏಳುತ್ತಿದ್ದರು. ಒಂದು ದಿನ ನನ್ನನ್ನು ಕರೆದು ಹೇಳಿದರು.

“ನೋಡಮ್ಮಾ, ಊರುಗಳು ನೂರಾರು. ಸೊಳ್ಳೆಗೆ ಹೊಡೆಯೋ ಹೊಗೆ ಮಿಷನ್ ಇರೋದು ಒಂದು. ದಿನಾ ಒಬ್ಬೊಬ್ಬ ಪಂಚಾಯ್ತಿ ಮೆಂಬರ್ ಬಂದು ನಮ್ಮೂರಿಗೆ ಕಳಿಸಿ ಅಂತಾರೆ. ಯಾರ ಗಂಟಲು ಜೋರೋ ಅವರೂರಿಗೆ ಹೋಗ್ತಿದೆ. ನೀನು ಲೆಕ್ಕ ಓದಿದವಳು. ಎಲ್ಲಿ ಏನು ಮಾಡಿದ್ರೆ ಜ್ವರ ಬೇಗ ಇಳೀತದೆ ಅಂತ ಮೊದಲೇ ಹೇಳೋಕಾಗುತ್ತಾ?”

“ಆಗುತ್ತೆ ಸಾರ್,” ಅಂದೆ. ಆಗುವುದಿಲ್ಲ ಎನ್ನುವಂಥದ್ದು ಆ ವಯಸ್ಸಿನಲ್ಲಿ ಏನೂ ಇರಲಿಲ್ಲ.

ಹತ್ತು ದಿನ ತಲೆ ಎತ್ತದೆ ಕೂತೆ. ಪ್ರತಿ ಊರಿನ ಜನರನ್ನೂ ಮೂರು ಖಾನೆ ಮಾಡಿದೆ: ಇನ್ನೂ ಜ್ವರ ಬರದವರು, ಈಗ ಮಲಗಿರುವವರು, ಎದ್ದು ಕೂತವರು. ಒಂದು ಖಾನೆಯಿಂದ ಇನ್ನೊಂದಕ್ಕೆ ದಿನಕ್ಕೆ ಎಷ್ಟು ಜನ ದಾಟುತ್ತಾರೆ ಎಂಬುದು ಊರಿನ ಸೊಳ್ಳೆಯ ಮೇಲೆ, ಸೊಳ್ಳೆ ಊರು ನೀರು ಕೂಡಿಡುವ ರೀತಿಯ ಮೇಲೆ. ಇದಕ್ಕೆ ನಾವು ಮಾಡಬಹುದಾದ ಕೆಲಸಗಳನ್ನು ಸೇರಿಸಿದೆ. ಹೊಗೆ ಹೊಡೆದರೆ ಏನಾಗುತ್ತದೆ, ವಾರಕ್ಕೊಮ್ಮೆ ಎಲ್ಲರೂ ಡ್ರಮ್ಮು ತೊಟ್ಟಿ ಖಾಲಿ ಮಾಡಿದರೆ ಏನಾಗುತ್ತದೆ, ಜ್ವರದವರನ್ನು ಹಗಲೂ ಸೊಳ್ಳೆಪರದೆಯೊಳಗೆ ಮಲಗಿಸಿದರೆ ಏನಾಗುತ್ತದೆ. ಕೊನೆಗೆ ಒಂದು ಒಪ್ಪಿಗೆಯ ಖಾನೆ. ನಾವು ಹೇಳಿದ್ದನ್ನು ಊರಲ್ಲಿ ಎಷ್ಟು ಜನ ಮಾಡುತ್ತಾರೆ ಎಂಬುದು ಅದರಲ್ಲಿ. ಯಾರೂ ಮಾಡದಿದ್ದರೆ ಸೊನ್ನೆ, ಎಲ್ಲರೂ ಮಾಡಿದರೆ ಒಂದು. ನಾನು ಎಲ್ಲ ಊರಿಗೂ ಒಂದು ಹಾಕಿದ್ದೆ.

ಡಾಕ್ಟರು ಕನ್ನಡಕ ಏರಿಸಿ ಆ ಖಾನೆಯ ಮೇಲೆ ಬೆರಳಿಟ್ಟರು. “ಎಲ್ಲಾ ಕಡೆ ಒಂದಾ?”

“ಅವರ ಒಳ್ಳೇದಕ್ಕೇ ಅಲ್ವಾ ಸಾರ್ ಹೇಳೋದು.”

ಅವರು ನಕ್ಕರು, ನಕ್ಕು ಪಕ್ಕೆ ಹಿಡಿದುಕೊಂಡರು, ಪಕ್ಕೆ ಹಿಡಿದ ಕೈಯೇ ನೋಯಿತೆಂದು ಅಯ್ಯೋ ಅಂದರು. ನನಗೆ ಸಿಟ್ಟು ಬಂತು. ಬರದೆ ಇನ್ನೇನು, ಹತ್ತು ದಿನದ ಬೆವರು.

ಪಟ್ಟಿಯ ಮೊದಲನೇ ಸಾಲಿಗೆ ಬಂದದ್ದು ನನ್ನ ಸೋದರತ್ತೆಯ ಊರು. ದೊಡ್ಡಮಳೂರಿನಿಂದ ಒಳಕ್ಕೆ ಮೂರು ಮೈಲಿ. ಕಾರಣವೂ ನನ್ನ ಬಳಿ ಸಿದ್ಧವಿತ್ತು. ಬಿಡದಿ ಕಡೆ ಆಗ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಕಂಪನಿ ಬಸ್ಸುಗಳು ಬೆಳಗಾದರೆ ಈ ಊರುಗಳ ಜನರನ್ನು ತುಂಬಿಕೊಂಡು ಹೋಗಿ, ಕನಕಪುರ, ಮಾಗಡಿ, ರಾಮನಗರದವರ ಪಕ್ಕ ದಿನವಿಡೀ ನಿಲ್ಲಿಸಿ, ಸಂಜೆ ತಂದಿಳಿಸುತ್ತಿದ್ದವು. ಜ್ವರ ಬಸ್ಸಿನಲ್ಲೇ ಬರುತ್ತಿದೆ ಎಂದು ನಾನು ಬಾಣದ ಗುರುತು ಹಾಕಿದ್ದೆ. ಅತ್ತೆಯ ಊರಿನಲ್ಲಂತೂ ಮನೆಗಿಬ್ಬರು ಮಲಗಿದ್ದರು. ಬರುವ ಗುರುವಾರ ಮಿಷನ್ ಅಲ್ಲಿಗೇ ಹೋಗಲಿ ಎಂದು ಡಾಕ್ಟರು ಬರೆದು ಸಹಿ ಹಾಕಿದರು. ಸೊಳ್ಳೆ ಹಗಲು ಕಚ್ಚುವುದರಿಂದ ಮುಂಜಾನೆ ಒಂದು ಸಲ, ಸಂಜೆ ಒಂದು ಸಲ ಹೊಡೆಯಬೇಕು, ತೋಟದ ಅಂಚನ್ನೂ ಬಿಡಬಾರದು ಎಂದು ನಾನೇ ಟಿಪ್ಪಣಿ ಸೇರಿಸಿದೆ.

ಭಾನುವಾರ ಸುದ್ದಿ ಹೇಳಲು ನಾನೇ ಹೊರಟೆ. ಮಲ್ಲಿಗೆ ಮುಡಿದು, ಪೌಡರು ಹಾಕಿ, ಸ್ವಲ್ಪ ಸೆಂಟೂ ಬಳಿದುಕೊಂಡು ಹೋದೆ. ಊರಿಗೆ ಉಪಕಾರ ಮಾಡಲು ಹೋಗುವವಳು ಒಂದಿಷ್ಟು ಘಮಘಮಿಸಬಾರದೇ?

ಅತ್ತೆ ಅಂಗಳದಲ್ಲೇ ತಡೆದಳು. “ನಿಂತ್ಕೊ, ನಿಂತ್ಕೊ. ಹುಳದ ಮನೆ ಕಡೆ ಸುಳೀಬ್ಯಾಡ. ಹೂವ ತೆಗ್ದು ಬೇಲಿಗೆ ಸಿಗ್ಸು. ಇದೇನೇ ಇದು, ಮದ್ವೆ ಹೆಣ್ಣಂಗೆ ವಾಸ್ನೆ ಬಳ್ಕೊಂಡು ಬಂದಿದ್ದೀಯ? ಕಾಲ್ನ ಅದ್ರಲ್ಲಿ ಅದ್ದು.”

ಅಂಗಳದಲ್ಲೂ ಹುಳದ ಮನೆಯ ಬಾಗಿಲ ಮುಂದೆಯೂ ಬ್ಲೀಚಿಂಗ್ ನೀರಿನ ತಟ್ಟೆಯಿತ್ತು. ರೇಷ್ಮೆ ಹುಳಕ್ಕೆ ವಾಸನೆ ಆಗದು, ಹೊರಗಿನ ಕೊಳೆ ಆಗದು, ಪರರ ಕಾಲೂ ಆಗದು. ನಮ್ಮ ಕಡೆ ಬೀಗರು ಬಂದರೆ ನಡುಮನೆಗೆ ಕರೆದು ಕೂರಿಸುತ್ತಾರೆ, ಹುಳದ ಮನೆಗೆ ಮಾತ್ರ ದೇವರಂಥವರನ್ನೂ ಬಿಡುವುದಿಲ್ಲ.

ಅತ್ತೆಯ ಆ ಸಲದ ಬೆಳೆ ಬರೀ ಬೆಳೆಯಾಗಿರಲಿಲ್ಲ. ಮಾವ ತೀರಿಕೊಂಡ ಮೇಲೆ ಭಾಗವಾಗಿ ಅವಳ ಪಾಲಿಗೆ ಒಂದು ತುಂಡು ಹಿಪ್ಪುನೇರಳೆ ತೋಟ, ಒಂದು ಹುಳದ ಮನೆ ಬಂದಿದ್ದವು. ಒಬ್ಬಳೇ ಸಾಕಿದ ಎರಡು ಬೆಳೆಗಳೂ ಹುಳ ಊದಿ ಹಾಲಿನಂತೆ ಒಡೆದು ಸಾಯುವ ಹಾಲುತೊಂಡೆ ರೋಗಕ್ಕೆ ಹೋದವು. ಅವಳ ಮೈದುನ, ಕೆಟ್ಟವನೇನಲ್ಲ, ನಾಲಗೆ ಮಾತ್ರ ಉದ್ದ, “ಹೆಂಗಸಿನ ಕೈಲಿ ಆಗೋ ಕೆಲ್ಸ ಅಲ್ಲ ಅತ್ತಿಗೆ, ತೋಟ ನಂಗೆ ಗುತ್ತಿಗೆಗೆ ಬುಟ್ಬುಡು,” ಎಂದು ಊರ ಮುಂದೆಯೇ ಹೇಳಿದ್ದ. ಈ ಮೂರನೇ ಬೆಳೆ ಕೈಕೊಟ್ಟರೆ ತೋಟ ನಿನಗೇ ಎಂದು ಅತ್ತೆಯೂ ಊರ ಮುಂದೆಯೇ ಮಾತು ಕೊಟ್ಟಿದ್ದಳು. ಅದು ಅವಳ ಸ್ವಭಾವ. ನನ್ನ ಕೋಪ ಎಲ್ಲಿಂದ ಬಂತೆಂದು ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಹುಡುಕುವುದಿಲ್ಲ.

ಅತ್ತೆಗೂ ಜ್ವರ ಬಂದು ಬಿಟ್ಟಿತ್ತು. ಬೆರಳುಗಳು ಊದಿಕೊಂಡು, ಮುದ್ದೆ ತಿರುವುವ ಕೋಲನ್ನು ಎರಡು ಅಂಗೈ ನಡುವೆ ಒತ್ತಿಹಿಡಿದು ತಿರುವುತ್ತಿದ್ದಳು. ನಾನು ಊಟದ ತಟ್ಟೆಯ ಮುಂದೆ ಕೂತು, ಬಹುಮಾನ ಕೊಡುವವಳ ಹಾಗೆ ಹೇಳಿದೆ.

“ಅತ್ತೆ, ಗುರುವಾರ ನಿಮ್ಮೂರಿಗೇ ಮೊದಲು ಹೊಗೆ ಮಿಷನ್ ಬರುತ್ತೆ. ಬರೋ ಹಾಗೆ ಮಾಡಿದ್ದು ನಾನೇ.”

ಕೋಲು ನಿಂತಿತು. “ಯಾವ ಹೊಗೆ?”

“ಸೊಳ್ಳೆಗೆ ಹೊಡೆಯೋದು.”

“ಬ್ಯಾಡ ಅನ್ನು.”

“ಬೇಡ ಅಂದ್ರೆ? ಊರೆಲ್ಲ ಮಲಗಿದೆ. ನಿನ್ನ ಕೈ ನೋಡ್ಕೊ.”

“ನನ್ ಕೈಗೇನು ಬಿಡು. ಸೊಳ್ಳೆ ಸಾಯ್ಸೋ ಇಸ ಅಲ್ವೇನೇ ಅದು? ನನ್ ಹುಳ ಏನು ಕಬ್ಬಿಣದವಾ? ಸೊಪ್ಪಿನ ಮ್ಯಾಲೆ ಕೂತದೆ, ಅದೇ ಸೊಪ್ಪ ತಿಂತವೆ, ಸಂಜೆಗೆ ಒಂದೂ ಉಳಿಯಾಕಿಲ್ಲ. ನಾಳಿಕ್ಕೆ ನಾಲ್ಕನೇ ಜ್ವರ ಎದ್ದು ಮೇವಿಗೆ ಬೀಳ್ತವೆ ಕಣೇ!”

ಹುಳ ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೆಸರು. ನಾಲ್ಕನೆಯದು ಕೊನೆಯದು. ಅದಾದ ಮೇಲೆ ಒಂದು ವಾರ ಹುಳ ಹಗಲು ರಾತ್ರಿ ತಿಂದು, ಹಣ್ಣಾಗಿ, ಬಿದಿರಿನ ಚಂದ್ರಿಕೆ ಏರಿ ಗೂಡು ಕಟ್ಟುತ್ತದೆ. ಊರಿನವರೆಲ್ಲ ಒಂದೇ ಕಡೆಯಿಂದ ಒಂದೇ ದಿನ ಮರಿ ಹುಳ ತಂದಿದ್ದರಿಂದ ಇಡೀ ಊರಿನ ಹುಳ ಅದೇ ಹಂತದಲ್ಲಿತ್ತು. ಮಿಷನ್ ಬರಬೇಕಾಗಿದ್ದದ್ದು ಸರಿಯಾಗಿ ಆ ವಾರದ ನಡುವೆ.

“ಲೆಕ್ಕ ಮಾಡ್ದೆ ಅಂದ್ಯಲ್ಲ,” ಅತ್ತೆ ಕೇಳಿದಳು, “ಅದ್ರಲ್ಲಿ ಹುಳ ಎಲ್ಲಿ ಇಕ್ಕಿದ್ದೆ?”

ಇಟ್ಟಿರಲಿಲ್ಲ. ಜನರಿದ್ದರು, ಸೊಳ್ಳೆಯಿತ್ತು, ಡ್ರಮ್ಮು, ಬಸ್ಸು ಎಲ್ಲವೂ ಇದ್ದವು. ಸೊಪ್ಪು ಕೊಯ್ಯುವುದನ್ನು ನೋಡುತ್ತಲೇ ಬೆಳೆದ ನಾನು ಹುಳವನ್ನೇ ಬಿಟ್ಟಿದ್ದೆ. ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಜಗಳ ತೆಗೆಯುತ್ತೇನೆ.

“ಹಾಗಾದ್ರೆ ಜ್ವರ ಹಾಗೇ ಇರಲಾ? ಇನ್ನೊಂದು ವಾರದಲ್ಲಿ ಊರಲ್ಲಿ ಸೊಪ್ಪು ಹಾಕೋಕೆ ಒಂದು ಕೈಯೂ ಇರಲ್ಲ. ಆಗ ನಿನ್ನ ಹುಳ ಹಸಿವಿಂದ ಸಾಯುತ್ತೆ.”

ನಾನು ಹೇಳಿದ್ದು ನಿಜವೆಂದು ಅವಳಿಗೂ ಗೊತ್ತಿತ್ತು. ಕೂಲಿಗೆ ಬರುತ್ತಿದ್ದ ಹೆಂಗಸು ಆಗಲೇ ಮಲಗಿದ್ದಳು. ಹೊಗೆ ಬಂದರೆ ಹುಳ ಹೋಗುತ್ತದೆ, ಜ್ವರ ಉಳಿದರೆ ಕೈ ಹೋಗುತ್ತದೆ, ಯಾವುದು ಹೋದರೂ ತೋಟ ಮೈದುನನಿಗೆ. ಇಬ್ಬರೂ ಮುಖ ತಿರುಗಿಸಿ ಮುದ್ದೆ ಉಂಡೆವು. ಸಾರು ಚೆನ್ನಾಗಿತ್ತು, ಹೇಳಲು ಮನಸ್ಸಾಗಲಿಲ್ಲ.

ಊಟವಾದ ಮೇಲೆ ಅತ್ತೆ ಸೊಪ್ಪು ಹೆಚ್ಚಲು ಕೂತಳು. ಕತ್ತಿ ಎರಡು ಸಲ ಕೈಯಿಂದ ಜಾರಿತು. ಮೂರನೇ ಸಲ ಜಾರಿದಾಗ ನನ್ನ ಕಡೆ ನೋಡದೆಯೇ, “ಮಿಂದ್ಕೊಂಡು ಬಾ. ನನ್ ಹಳೇ ಸೀರೆ ಉಟ್ಕೊ. ಸೋಪು ಹಾಕ್ಬ್ಯಾಡ,” ಅಂದಳು. ನಮ್ಮ ವಂಶದಲ್ಲಿ ರಾಜಿಯ ಮಾತು ಇಷ್ಟೇ ಇರುತ್ತದೆ.

ಹಾಗೆ ನಾನು ಹುಳದ ಮನೆಯೊಳಕ್ಕೆ ಹೋದೆ. ಒಳಗೆ ತಂಪು, ಅರೆಗತ್ತಲೆ, ಹಸಿ ಸೊಪ್ಪಿನ ವಾಸನೆ. ಸ್ಟ್ಯಾಂಡುಗಳಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು, ಹುಳಗಳು ತಲೆಯೆತ್ತಿ ನಿದ್ದೆಯಲ್ಲಿದ್ದವು. ಆಗಲೇ ಎದ್ದಿದ್ದ ಒಂದೆರಡು ತಟ್ಟೆಗೆ ಸೊಪ್ಪು ಉದುರಿಸಿದೆ. “ಒಸಿ ತೆಳ್ಳಗೆ, ಒಸಿ ತೆಳ್ಳಗೆ,” ಎಂದು ಅತ್ತೆ ಹಿಂದೆ ನಿಂತು ಹೇಳುತ್ತಿದ್ದಳು. ಕೆಳಗೆ ಬಿದ್ದ ಎಲೆ ಎತ್ತಲು ಬಗ್ಗಿದೆ. ಸ್ಟ್ಯಾಂಡಿನ ಕಾಲು ನೀರಿನ ಬಟ್ಟಲಿನಲ್ಲಿತ್ತು. ಇರುವೆ ಹುಳಕ್ಕೆ ಹತ್ತದಿರಲೆಂದು ಎಲ್ಲರ ಮನೆಯಲ್ಲೂ ಹೀಗೇ ಇಡುತ್ತಾರೆ. ಚಿಕ್ಕಂದಿನಿಂದ ಸಾವಿರ ಸಲ ನೋಡಿದ್ದೆ.

ಆ ನೀರು ಕುಣಿಯುತ್ತಿತ್ತು. ಬಾಲ ಆಡಿಸುತ್ತಾ, ತಲೆ ಕೆಳಗಾಗಿ, ಮೇಲೆ ಬಂದು ಉಸಿರೆಳೆದು ಮತ್ತೆ ಮುಳುಗುತ್ತಾ ಒಂದು ಜಾತ್ರೆಯೇ ನಡೆದಿತ್ತು. ಕಚೇರಿಯ ಗೋಡೆಯ ಮೇಲೆ ಚಿತ್ರದಲ್ಲಿ ದಿನಾ ನೋಡುವ ಪ್ರಾಣಿ. ಪಕ್ಕದ ಬಟ್ಟಲು ನೋಡಿದೆ, ಅದರ ಪಕ್ಕದ್ದು ನೋಡಿದೆ. ಎಲ್ಲದರಲ್ಲೂ ಅದೇ ಸಂಭ್ರಮ.

“ಅತ್ತೆ, ಇವು ಸೊಳ್ಳೆ ಮರಿ.”

“ನನ್ ಹುಳದ ಮನೇಲಾ?” ಅತ್ತೆಯ ದನಿಯಲ್ಲಿ ಭಯಕ್ಕಿಂತ ಅವಮಾನ ಹೆಚ್ಚಾಗಿತ್ತು. ಗೋಡೆಗೆ ಸುಣ್ಣ, ನೆಲಕ್ಕೆ ಬ್ಲೀಚಿಂಗು, ಬಾಗಿಲಿಗೆ ಕಾಲು ಅದ್ದುವ ನೀರು. ಅಷ್ಟು ಮಡಿ ಮಾಡಿದವಳ ಮನೆಯಲ್ಲಿ ಬೇರೆ ಹುಳ ಬಿಟ್ಟಿ ಸಂಸಾರ ಮಾಡಿದರೆ ಯಾರಿಗೆ ತಡೆದೀತು?

ನನಗೆ ಅಲ್ಲೇ ನೆಲದ ಮೇಲೆ ಕೂತು ಎಲ್ಲವೂ ಹೊಳೆಯಿತು. ನಮ್ಮ ಕಚೇರಿಯ ನರ್ಸು, ಸಿಸ್ಟರ್, ತಿಂಗಳಿಗೊಮ್ಮೆ ಊರೂರು ಸುತ್ತಿ ಮರಿಗಳನ್ನು ಹುಡುಕಿ ಬರೆಯುತ್ತಿದ್ದರು. ಈ ಊರಿನ ಎದುರು ಡ್ರಮ್ಮು ಸ್ವಚ್ಛ, ತೊಟ್ಟಿ ಸ್ವಚ್ಛ, ಟೈರು ಇಲ್ಲ ಎಂದಿತ್ತು. ಅವರು ಸುಳ್ಳು ಬರೆದಿರಲಿಲ್ಲ. ಹುಳದ ಮನೆಯೊಳಗೆ ಅವರನ್ನು ಯಾರೂ ಬಿಟ್ಟಿರಲಿಲ್ಲ, ಅಷ್ಟೇ. ಮನೆಗೆ ಎಂಟು, ಹತ್ತು ಬಟ್ಟಲು. ನೆರಳು, ತಂಪು, ಯಾರೂ ಕದಲಿಸದ ತಿಳಿನೀರು. ಹಗಲು ಕಚ್ಚುವ ಸೊಳ್ಳೆಗೆ ಹಗಲಿಗೆ ನಾಲ್ಕೈದು ಸಲ ಬರಿಗಾಲಲ್ಲಿ ಸೊಪ್ಪು ಹಾಕಲು ಬರುವ ಜನ. ಊರಲ್ಲಿ ಮೊದಲು ಮಲಗಿದವರು ಯಾರೆಂದು ಅತ್ತೆಯನ್ನು ಕೇಳಿದೆ. ಹೆಸರು ಹೇಳುತ್ತಾ ಹೋದಳು. ಎಲ್ಲರೂ ಸೊಪ್ಪು ಹಾಕುವವರೇ, ಹೆಚ್ಚಿನವರು ಹೆಂಗಸರು. ಕಂಪನಿ ಬಸ್ಸು ಹತ್ತಿದವರು ಇಬ್ಬರೂ ಇರಲಿಲ್ಲ. ಬಸ್ಸಿಗೆ ಹಾಕಿದ್ದ ನನ್ನ ಬಾಣ ಸುಮ್ಮನೆ ಗಾಳಿಗೆ ಹೋಗಿತ್ತು. ಇನ್ನು ಹೊಗೆಯೋ, ಅದು ಬೀದಿಯಲ್ಲಿ, ತೋಟದಲ್ಲಿ ಸುತ್ತಬೇಕಿತ್ತೇ ಹೊರತು ಬಾಗಿಲು ಮುಚ್ಚಿದ ಹುಳದ ಮನೆಯೊಳಗಿನ ಈ ಬಟ್ಟಲನ್ನು ಮುಟ್ಟುತ್ತಲೇ ಇರಲಿಲ್ಲ.

ಅತ್ತೆ ಒಂದು ಬಟ್ಟಲನ್ನು ಎರಡು ಅಂಗೈಯಲ್ಲಿ ಎತ್ತಿಕೊಂಡು ಬೀದಿಗೆ ಹೊರಟಳು. ಪರರ ಹುಳದ ಮನೆಗೆ ಅವಳೂ ಹೋಗುವಂತಿಲ್ಲ. ಪ್ರತಿ ಮನೆಯ ಮುಂದೆ ನಿಂತು, “ಒಂದ್ ಬಟ್ಲು ಆಚೀಗೆ ತನ್ನಿ!” ಎಂದು ಕೂಗಿದಳು. ಅರಳಿಕಟ್ಟೆಯ ಮೇಲೆ ಬಟ್ಟಲುಗಳು ಸಾಲಾಗಿ ಬಂದು ಕೂತವು. ಊರು ಸುತ್ತ ನೆರೆಯಿತು. ಎಲ್ಲ ಬಟ್ಟಲೂ ಕುಣಿಯುತ್ತಿದ್ದವು. ಮೈದುನನ ಬಟ್ಟಲು ಎಲ್ಲಕ್ಕಿಂತ ಹುರುಪಿನಲ್ಲಿತ್ತು.

“ಏನ್ಲಾ ಇದು, ಸೊಳ್ಳೆ ಸಾಕ್ತಾ ಇದ್ಯಾ? ಗೂಡು ಕಟ್ತವಾ ಇವೂ?” ಎಂದು ಯಾರೋ ಹೇಳಿ ಕಟ್ಟೆಯೆಲ್ಲ ನಕ್ಕಿತು.

“ಸುಮ್ಕಿರ್ಲಾ, ನಿನ್ ಬಟ್ಲಲ್ಲೇನು ಮೀನವಾ?” ಮೈದುನ ಉರಿದುಬಿದ್ದ.

ವಾರಕ್ಕೊಮ್ಮೆ ನೀರು ಚೆಲ್ಲಿ ಎಂದು ನಾನು ಭಾಷಣ ಶುರುಮಾಡಿದೆ. ಅತ್ತೆ ತಡೆದಳು. “ವಾರ ಗೀರ ಯಾರ್ಗೆ ನೆನಪಿರ್ತದೆ? ತಟ್ಟೆ ಕಸ ತೆಗಿಯೋ ದಿನ ಬಟ್ಲೂ ತೆಗೀರಿ. ಹುಳಕ್ಕೆ ಹೆಂಗೋ ಸುಣ್ಣ ತಂದಿಕ್ಕಿದ್ದೀರಿ, ಬಟ್ಲಿಗೂ ಒಂದ್ ಚಿಟಿಕೆ.” ಹುಳದ ಹಾಸಿನ ಕಸ ತೆಗೆಯುವುದನ್ನು ಯಾರೂ ಮರೆಯುವುದಿಲ್ಲ, ಮರೆತರೆ ಬೆಳೆಯೇ ಇಲ್ಲ. ಊರಿನ ಹುಳವೆಲ್ಲ ಒಂದೇ ಹಂತದಲ್ಲಿ ಇದ್ದುದರಿಂದ ಕಸ ತೆಗೆಯುವ ದಿನವೂ ಒಂದೇ. ಒಂದೇ ದಿನ ಇಡೀ ಊರು ನೀರು ಚೆಲ್ಲುವುದು! ಓದಿದವರು ಕಾಗದದ ಮೇಲೆ ಕನಸು ಕಾಣುವ ಏರ್ಪಾಡು ಅದು. ಅತ್ತೆ ಅದನ್ನು ಕಟ್ಟೆಯ ಮೇಲೆ ನಿಂತು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದಳು. ಮೊಟ್ಟೆ ಬಟ್ಟಲಿನ ಅಂಚಿಗೆ ಅಂಟಿರುತ್ತದೆ, ತೆಂಗಿನ ನಾರಿನಿಂದ ಉಜ್ಜಬೇಕು ಎಂಬುದೊಂದನ್ನು ನಾನು ಸೇರಿಸಿದೆ. ಏನಾದರೂ ಸೇರಿಸದಿದ್ದರೆ ಎಂ.ಎಸ್ಸಿ.ಗೆ ಮರ್ಯಾದೆ ಇರುವುದಿಲ್ಲ.

ಸೋಮವಾರ ಡಾಕ್ಟರ ಮುಂದೆ ನಿಂತು, ನನ್ನ ಪಟ್ಟಿ ತಪ್ಪು ಎಂದು ಹೇಳಬೇಕಾಯಿತು. ಬಾಯಿಂದ ಆ ಮಾತು ಹೊರಡಿಸಲು ಎರಡು ಲೋಟ ನೀರು ಕುಡಿದೆ. ಅವರು ಈ ಸಲ ನಗಲಿಲ್ಲ.

“ಆರ್ಡರ್ ಹೋಗಿದೆಯಲ್ಲಮ್ಮ. ಮನೆಗಿಬ್ಬರು ಮಲಗಿರೋ ಊರಿಗೆ ಮಿಷನ್ ಕಳಿಸದೆ ಬಟ್ಟಲು ತೊಳೀರಿ ಅಂತ ಬಿಟ್ಟು, ನಾಳೆ ಯಾರಾದರೂ ವಯಸ್ಸಾದವರಿಗೆ ಹೆಚ್ಚುಕಮ್ಮಿ ಆದ್ರೆ?”

“ಕಳಿಸಿದರೂ ಊರ ಬಾಗಿಲಲ್ಲೇ ನಿಲ್ಲಿಸ್ತಾರೆ ಸಾರ್. ಒಪ್ಪಿಗೆಯ ಖಾನೆ ಅಲ್ಲಿ ಸೊನ್ನೆ.”

ಹೊಸದಾಗಿ ಮಾಡಿದ ಹಾಳೆಯನ್ನು ಮುಂದಿಟ್ಟೆ. ಹುಳಕ್ಕೊಂದು ಖಾನೆ ಸೇರಿಸಿದ್ದೆ. ಹುಳವಿರುವ ಊರಿನಲ್ಲಿ ಹೊಗೆಯಿಂದ ಏನೂ ಇಳಿಯುತ್ತಿರಲಿಲ್ಲ, ಬಟ್ಟಲು ತೊಳೆದರೆ ಜ್ವರದ ಗೆರೆ ಕೆಳಕ್ಕೆ ಬಾಗುತ್ತಿತ್ತು. ಹಿಪ್ಪುನೇರಳೆಯಿಲ್ಲದ ಪೇಟೆಯ ಹೆದ್ದಾರಿ ಅಂಗಡಿಗಳಲ್ಲಿ, ಹಳೇ ಟೈರು ರಾಶಿ ಬಿದ್ದ ಕಡೆ, ಅದೇ ಮಿಷನ್ ಒಳ್ಳೆಯ ಕೆಲಸ ಮಾಡುತ್ತಿತ್ತು. ಡಾಕ್ಟರು ಆ ಗೆರೆಯ ಮೇಲೆ ಬೆರಳಾಡಿಸಿ ನೋಡಿದರು.

“ಗೂಡು ಬಿಡಿಸೋ ತನಕ ಟೈಮ್ ಕೊಡ್ತೀನಿ. ಸಿಸ್ಟರ್ ದಿನಾ ಹೋಗಿ ನೋಡಲಿ. ಅಷ್ಟರಲ್ಲಿ ಹೊಸ ಜ್ವರ ಹೆಚ್ಚಿದರೆ ಯಾವ ಹುಳಾನೂ ನೋಡಲ್ಲ, ಮಿಷನ್ ನಾನೇ ಹೊತ್ಕೊಂಡು ಬರ್ತೀನಿ.” ಎದ್ದು ನಿಲ್ಲಲೇ ಮೂರು ಕಂತು ಬೇಕಾದವರು ಹಾಗೆ ಹೇಳಿದರು.

ಮುಂದಿನ ಎರಡು ವಾರ ನನಗೆ ಅನ್ನ ಇಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅತ್ತೆಯ ಮನೆಯಲ್ಲಿ ಚೆನ್ನಾಗಿಯೇ ಇಳಿಯಿತು. ಕೆಲಸ ಮುಗಿಸಿ ಸಂಜೆ ಬಸ್ಸಿಗೆ ಅಲ್ಲಿಗೆ ಹೋಗಿ ಸೊಪ್ಪು ಹಾಕಿ, ಬೆಳಿಗ್ಗೆ ಅಲ್ಲಿಂದಲೇ ಕಚೇರಿಗೆ ಬರುತ್ತಿದ್ದೆ. ಮೊದಲ ಐದಾರು ದಿನ ಹೊಸ ಜ್ವರ ಬರುತ್ತಲೇ ಇತ್ತು. ಸಿಸ್ಟರ್ ಪುಸ್ತಕದಲ್ಲಿ ಒಂದೊಂದು ಗೆರೆ ಎಳೆದಾಗಲೂ ನಾನು ಎದ್ದು ಹೋಗಿ ಯಾವ ಮನೆಯೆಂದು ಕೇಳುತ್ತಿದ್ದೆ. ಹಾರುವ ಸೊಳ್ಳೆ ಮುದಿಯಾಗಿ ಸಾಯುವ ತನಕ ಹೀಗೇ ಎಂದು ನನ್ನ ಹಾಳೆಯಲ್ಲಿತ್ತು. ಆದರೆ ಹಾಳೆಯನ್ನು ನಾನು ಮೊದಲಿನಷ್ಟು ನಂಬುತ್ತಿರಲಿಲ್ಲ. ಅತ್ತೆ ನಂಬಿದ್ದು ಬಟ್ಟಲನ್ನು. ಕಸ ತೆಗೆಯುವ ದಿನ ಬೀದಿಯಲ್ಲಿ ನಿಂತು ಕೂಗುತ್ತಿದ್ದಳು, ಮನೆಮನೆಯಿಂದ ನೀರು ಚೆಲ್ಲುವ ಸದ್ದು ಕೇಳುವ ತನಕ ಕದಲುತ್ತಿರಲಿಲ್ಲ.

ಎರಡನೇ ವಾರ ಸಿಸ್ಟರ ಪುಸ್ತಕದಲ್ಲಿ ಗೆರೆಗಳು ವಿರಳವಾದವು, ಆಮೇಲೆ ನಿಂತವು. ಅದು ಬಟ್ಟಲಿನಿಂದಲೋ, ಬರಬೇಕಾದವರಿಗೆಲ್ಲ ಬಂದು ಮುಗಿದದ್ದರಿಂದಲೋ ಎಂದು ಇಂದಿಗೂ ನನಗೆ ಖಚಿತವಿಲ್ಲ. ಬಟ್ಟಲು ತೊಳೆಯದ ಪಕ್ಕದೂರಿನಲ್ಲಿ ಜ್ವರ ಇನ್ನೂ ಬಹಳ ದಿನ ಆಡಿತು, ಅಷ್ಟು ಹೇಳಬಲ್ಲೆ. ಒಂದೂರು ನೋಡಿ ಮಾತಾಡಬಾರದು ಎಂದು ನನ್ನ ಮೇಷ್ಟರು ಕಲಿಸಿದ್ದರು. ಅವರನ್ನು ಮನಸ್ಸಿನಲ್ಲೇ ಒಂದು ಮೂಲೆಯಲ್ಲಿ ಕೂರಿಸಿ ನಾನು ಸಂತೋಷಪಟ್ಟೆ.

ಅತ್ತೆಯ ಹುಳ ಹಣ್ಣಾಗಿ ಚಂದ್ರಿಕೆ ಏರಿತು. ಗೂಡು ಬಿಡಿಸಿದ ಬೆಳಿಗ್ಗೆ ಮೈದುನ ಬಂದು, ಒಳಗೆ ಚೆನ್ನಾಗಿ ಸದ್ದಾಗುತ್ತದೆಯೇ ಎಂದು ಒಂದು ಗೂಡು ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಇನ್ನೊಂದು ನೋಡಿ, ಮೂರನೆಯದನ್ನೂ ನೋಡಿ, ಮೂಟೆ ಹೆಗಲಿಗೇರಿಸಿದ. ಅವಳ ಕೈಯಿಂದ ಎತ್ತಲಾಗದೆಂದು ರಾಮನಗರದ ಗೂಡಿನ ಮಾರುಕಟ್ಟೆಯವರೆಗೂ ಹೊತ್ತು ತಂದ. ಅಲ್ಲಿ ತೊಟ್ಟಿಗೆ ಸುರಿದ ಬಿಳೀ ಗೂಡಿನ ರಾಶಿಯ ಮುಂದೆ ಅತ್ತೆ ನಿಂತಿದ್ದಳು. ಹರಾಜು ಕೂಗುವವರು ಬಂದು ಹೋದರು, ಅವಳು ಗೂಡನ್ನೇ ನೋಡುತ್ತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು, “ಧೂಳು,” ಅಂದಳು. ನನಗೂ ಅದೇ ಧೂಳು ಬಿತ್ತು.

“ಅತ್ತಿಗೆ, ಮುಂದಿನ ಬೆಳೆಗೆ ಚಾಕಿ ಮರಿ ಯಾವತ್ತು ತರಾನ?” ಎಂದು ಮೈದುನ ಕೇಳಿದ. ತೋಟದ ಮಾತು ಅಲ್ಲಿಗೆ ಮುಗಿಯಿತು.

ಮಾರನೇ ಬೆಳಿಗ್ಗೆ ನಾನು ಹಾಸಿಗೆಯಿಂದ ಏಳಲಿಲ್ಲ. ಏಳಲಾಗಲಿಲ್ಲ. ಜ್ವರ, ಕೀಲುನೋವು, ಸಕಲ ಮರ್ಯಾದೆಗಳೊಂದಿಗೆ. ನೋಡಲು ಬಂದ ಗುಮಾಸ್ತರು, ಅತ್ತೆಯ ಊರಲ್ಲಿ ದಿನಾ ಮಲಗಿದರೆ ಇನ್ನೇನಾಗುತ್ತದೆ ಎಂದರು. ನಾನೂ ಹಾಗೇ ಅಂದುಕೊಂಡೆ.

ವಾರ ಕಳೆದು, ಗೋಡೆ ಹಿಡಿದು ಕಚೇರಿಗೆ ಬಂದು ಕೂತ ದಿನ ಅತ್ತೆ ಬಂದಳು. ಒಂದು ಕೈಯಲ್ಲಿ ಹುರುಳಿ ಸಾರಿನ ಕ್ಯಾರಿಯರು, ಇನ್ನೊಂದರಲ್ಲಿ ಸಿಟ್ಟು. ಗುಮಾಸ್ತರ ಮಾತು ಅವಳ ಕಿವಿಗೆ ಬಿದ್ದಿತ್ತು.

“ನಮ್ಮೂರಿಂದ ಹತ್ತಿಸ್ಕೊಂಡ್ಳಂತಾ? ನಮ್ಮೂರಲ್ಲಿ ಈಗ ಸೊಳ್ಳೆ ಎಲ್ಲೈತೆ?” ಬಾಗಿಲಲ್ಲಿ ನಿಂತೇ ಕೇಳಿದಳು. ಮಿಷನ್ನಿನ ಕಾಗದ ಹಿಡಿದು ಬಂದಿದ್ದ ಡಾಕ್ಟರೂ ಅಲ್ಲೇ ನಿಂತರು. “ಇಲ್ಲಿ ಮೊದ್ಲು ಯಾರ್ಗೆ ಬಂತು?”

“ನನಗೆ,” ಅಂದರು ಡಾಕ್ಟರು.

“ಆಮ್ಯಾಕೆ?”

“ನನಗೆ,” ಅಂದರು ಗುಮಾಸ್ತರು, ಸ್ವಲ್ಪ ಮೆಲ್ಲಗೆ.

ಅತ್ತೆ ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ಹುಳದ ಮನೆಯಲ್ಲಿ ಸಪ್ಪೆಯಾದ ಹುಳ ಹುಡುಕುವಾಗ ನೋಡುವ ಕಣ್ಣು ಅದು. ಕ್ಯಾರಿಯರ್ ಕೆಳಗಿಟ್ಟು, ಮಂಡಿ ಹಿಡಿದು, ನೋವಿಗೆ ಒಂದು ಬೈಗುಳ ಬೈದು, ನನ್ನ ಕಂಪ್ಯೂಟರ್ ಮೇಜಿನ ಕೆಳಗೆ ಬಗ್ಗಿದಳು.

ಆಮೇಲೆ ಒಂದು ಬಟ್ಟಲನ್ನು ಎಳೆದು ಬೆಳಕಿಗಿಟ್ಟಳು. ನಾನು ನೋಡುವ ಅಗತ್ಯವಿರಲಿಲ್ಲ, ನೋಡಿದೆ. ಲೆಕ್ಕ ಕಟ್ಟಿದ ಹತ್ತು ದಿನವೂ, ಬಸ್ಸಿಗೆ ಬಾಣ ಬಿಟ್ಟ ದಿನವೂ, ಹುಳದ ಖಾನೆ ಸೇರಿಸಿ ಡಾಕ್ಟರಿಗೆ ತೋರಿಸಿದ ದಿನವೂ ನನ್ನ ಕಾಲಿನ ಪಕ್ಕದಲ್ಲೇ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. ಡಾಕ್ಟರು ಮೂರು ಕಂತಿನಲ್ಲಿ ಬಗ್ಗಿ ನೋಡಿದರು, ಗೋಡೆಗೊರಗಿ ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನೂ ನಕ್ಕೆ. ನಗುವುದಕ್ಕೂ ಕೀಲುಗಳಿವೆ ಎಂದು ಆಗ ಗೊತ್ತಾಯಿತು.

ಅತ್ತೆ ನಾಲ್ಕೂ ಬಟ್ಟಲನ್ನು ಕಿಟಕಿಯಾಚೆ ಚೆಲ್ಲಿ, ಮೂಟೆಯಿಂದ ಚಿಟಿಕೆ ಬ್ಲೀಚಿಂಗ್ ತೆಗೆದು ಉಜ್ಜಿದಳು. ಆಮೇಲೆ ಕಂಪ್ಯೂಟರನ್ನು ತೋರಿಸಿ, “ನಮ್ಮೂರ್ನ ಇದ್ರಲ್ಲಿ ಬರ್ಕೊಂಡಿದ್ಯಲ್ಲ, ಅದ್ರ ಮ್ಯಾಲೆ ನಿಮ್ಮೂರ್ನೂ ಬರ್ಕೊ ಮಗ,” ಅಂದಳು.

ಪಟ್ಟಿಯ ಮೊದಲ ಸಾಲಿಗೆ ನಮ್ಮ ಕಚೇರಿ ಎಂದು ಬರೆದೆ. ಮಲಗಿರುವವರು ಯಾರೂ ಇಲ್ಲ, ಎದ್ದು ಕೂತವರು ಮೂವರು. ಮಾಡಬೇಕಾದ ಕೆಲಸ, ಬಟ್ಟಲು ತೆಗೆದು ಸಕ್ಕರೆ ಬೇರೆ ಕಡೆ ಇಡುವುದು. ಕೊನೆಗೆ ಒಪ್ಪಿಗೆಯ ಖಾನೆ ಬಂತು. ತಿರುಗಿ ನೋಡಿದೆ. ಗುಮಾಸ್ತರು ಸಕ್ಕರೆ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದರು. ಅರ್ಧ ಹಾಕಿದೆ.